ಸಭೆಯ ಗೋಡೆ ಯಾರಿಗೆ ಬೇಕು?

ಎಷ್ಟು ಮಂದಿಗೆ ದೀಕ್ಷಾಸ್ನಾನವಾಯಿತು, ಎಷ್ಟು ಊರಲ್ಲಿ ಸಭೆ ಎದ್ದಿತು ಎಂಬ ಲೆಕ್ಕದಲ್ಲೇ ಮಿಷನ್ನಿನ ವರದಿಗಳು ಬಹುಕಾಲ ನಡೆದವು. ಆ ಲೆಕ್ಕವನ್ನು ಬದಿಗಿಟ್ಟು ಬೇರೆಯೇ ಪ್ರಶ್ನೆ ಕೇಳಿದ ಪುಸ್ತಕ 1971ರಲ್ಲಿ ಬಂದ ಎಂ.ಎಂ. ತಾಮಸ್ ಅವರ ‘ಸಾಲ್ವೇಶನ್ ಅಂಡ್ ಹ್ಯೂಮನೈಸೇಶನ್’ (ರಕ್ಷಣೆ ಮತ್ತು ಮಾನವೀಕರಣ). ತಾಮಸ್ ಕೇರಳದ ಮಾರ್ ತೋಮಾ ಸಭೆಯವರು, ಪಾದ್ರಿಯಲ್ಲ. ಬೆಂಗಳೂರಿನ ಮಿಲ್ಲರ್ಸ್ ರಸ್ತೆಯಲ್ಲಿ ಧರ್ಮ ಮತ್ತು ಸಮಾಜಗಳ ಅಧ್ಯಯನಕ್ಕೆಂದೇ ಇದ್ದ ಕ್ರೈಸ್ತ ಸಂಸ್ಥೆಗೆ ಆಗ ಅವರು ನಿರ್ದೇಶಕರು. ಜಗತ್ತಿನ ಸಭೆಗಳ ಒಕ್ಕೂಟದ ಕೇಂದ್ರ ಸಮಿತಿಗೂ ಅಧ್ಯಕ್ಷರು. ಆತ್ಮದ ರಕ್ಷಣೆಯನ್ನೂ ಮನುಷ್ಯ ಮನುಷ್ಯನಾಗಿ ಬದುಕಲು ನಡೆಸುವ ಹೋರಾಟವನ್ನೂ ಬೇರೆ ಬೇರೆ ಮಾಡಿದರೆ ಎರಡೂ ಕೆಡುತ್ತವೆ ಎಂಬುದು ಅವರ ವಾದ. ಐವತ್ತು ವರ್ಷ ಕಳೆದರೂ ಈ ವಾದ ಸಡಿಲವಾಗಿಲ್ಲ. ಸಡಿಲವಾಗಿರುವುದು ಅದರಿಂದ ಅವರು ಎಳೆದ ತೀರ್ಮಾನ.

ಕ್ರಿಸ್ತನನ್ನು ನಂಬಿದವನು ತನ್ನ ಹಿಂದೂ ಸಮುದಾಯ ಬಿಟ್ಟು ಇನ್ನೊಂದು ಸಮುದಾಯಕ್ಕೆ ಸೇರಲೇಬೇಕೆಂದೇನಿಲ್ಲ, ಕ್ರಿಸ್ತನನ್ನು ನಡುವಿಟ್ಟುಕೊಂಡ ಒಡನಾಟ ಯಾವ ಸಮುದಾಯದ ಒಳಗೂ ಬೆಳೆಯಬಹುದು ಎಂದು ತಾಮಸ್ ಹೇಳಿದರು. ಆಗ ಮದ್ರಾಸಿನ ಬಿಷಪ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ ಇದನ್ನು ಒಪ್ಪಲಿಲ್ಲ. ಜನ ಬದುಕನ್ನೇ ಒಪ್ಪಿಸಿಕೊಂಡು ಕೂಡಿದ ಮೇಲೆ ಆ ಕೂಟ ಕಣ್ಣಿಗೆ ಕಾಣುವ ಸಮುದಾಯ ಆಗದೆ ಹೇಗಿದ್ದೀತು ಎಂಬುದು ಅವರ ತಕರಾರು. ಕನ್ನಡ ನಾಡಿನ ಚರಿತ್ರೆ ಈ ವಿಷಯದಲ್ಲಿ ನ್ಯೂಬಿಗಿನ್ ಕಡೆಗೇ ಸಾಕ್ಷಿ ನುಡಿಯುತ್ತದೆ. ಜಾತಿಯನ್ನು ಅಳಿಸಲು ಹನ್ನೆರಡನೇ ಶತಮಾನದಲ್ಲಿ ಕೂಡಿದ ಶರಣರ ಬಳಗದ ಹೆಸರಲ್ಲಿ ಇವತ್ತು ಒಳಪಂಗಡಗಳಿವೆ, ಮೀಸಲಾತಿಯ ಪಟ್ಟಿಗಳಿವೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದುದಕ್ಕೂ ಕೂಟವನ್ನು ಸಮುದಾಯವಾಗಿಸುವ ಇದೇ ಒತ್ತಡ ಕಾರಣ: ಕ್ರೈಸ್ತರಾದವರಿಗೆ ಜಾತಿಯ ನೆಂಟಸ್ತಿಕೆಯೂ ತಪ್ಪುತ್ತಿತ್ತು, ಜಾತಿಯ ಕಸುಬೂ ತಪ್ಪುತ್ತಿತ್ತು. ಆ ಹೊಸ ಸಮುದಾಯವನ್ನು ಕಟ್ಟಿದವರು ಮಿಷನರಿಗಳಷ್ಟೇ ಅಲ್ಲ, ಹೊರಗೆ ಹಾಕಿದ ಊರೂ ಅದಕ್ಕೆ ಕೈಜೋಡಿಸಿತ್ತು.

ನ್ಯೂಬಿಗಿನ್ ಕೇಳದೆ ಬಿಟ್ಟ ಪ್ರಶ್ನೆ ಅದೇ ಮಿಲ್ಲರ್ಸ್ ರಸ್ತೆಯಲ್ಲಿ ಹತ್ತು ವರ್ಷದ ಮೇಲೆ ಎದ್ದಿತು. 1981ರಲ್ಲಿ ಅಲ್ಲಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಾತಾಡಿದ ಅರವಿಂದ ನಿರ್ಮಲ್, ಭಾರತದ ಕ್ರೈಸ್ತ ಚಿಂತನೆ ಮೇಲ್ಜಾತಿಯ ವೇದಾಂತದ ಜೊತೆಗೇ ಸಂವಾದ ನಡೆಸುತ್ತ ಬಂದಿದೆ, ಸಭೆಯ ಬೆಂಚುಗಳಲ್ಲಿ ಕೂತ ದಲಿತರ ಅನುಭವ ಅದಕ್ಕೆ ವಿಷಯವೇ ಆಗಿಲ್ಲ ಎಂಬ ವಿಮರ್ಶೆಯನ್ನು ಮುಂದಿಟ್ಟರು. ದಲಿತ ದೈವಶಾಸ್ತ್ರ ಬೆಳೆದದ್ದು ಅಲ್ಲಿಂದ. ತಾಮಸ್ ಅವರನ್ನು ಈ ಕಡೆಯಿಂದ ಓದಿದರೆ ತೊಡಕು ತಿಳಿಯಾಗುತ್ತದೆ. ಸಮುದಾಯ ಬಿಡದೆ ಕ್ರಿಸ್ತನನ್ನು ಒಪ್ಪಬಹುದು ಎಂಬ ಮಾತು ಬಿಡಲು ಮನಸ್ಸಿಲ್ಲದ ಒಂದು ಸಮುದಾಯ ಇದ್ದವರಿಗೆ ಹೇಳಿದ್ದು. ಊರಾಚೆಯ ಕೇರಿಯವನಿಗೆ, ಬಿಟ್ಟು ಹೋಗಲು ಇನ್ನೊಂದು ಜಾಗ ಸಿಕ್ಕಿತಲ್ಲ ಎಂಬುದೇ ದೊಡ್ಡದು. ಅವನನ್ನು ಹೆಸರು ಹಿಡಿದು ಕರೆದ, ಪಕ್ಕದಲ್ಲಿ ಕೂರಿಸಿಕೊಂಡು ರೊಟ್ಟಿ ದ್ರಾಕ್ಷಾರಸ ಕೊಟ್ಟ ಸಭೆಯೇ ಮಾನವೀಕರಣದ ಮೊದಲ ಮೆಟ್ಟಿಲು. (ಎಷ್ಟೋ ಸಭೆಗಳಲ್ಲಿ ಆ ಪಕ್ಕದ ಜಾಗವೂ ಜಾತಿ ನೋಡಿಯೇ ಸಿಗುತ್ತಿತ್ತು, ಅದು ಬೇರೆ ಮಾತು.)

ಪೂರ್ವ ಬೆಂಗಳೂರಿನ ಕಗ್ಗದಾಸಪುರದಂಥ ಬಡಾವಣೆಯಲ್ಲಿ ತಾಮಸ್ ಹೇಳಿದ್ದು ಒಂದು ರೀತಿಯಲ್ಲಿ ನಡೆದೇ ಇದೆ, ಆದರೆ ಅವರು ಬಯಸಿದ ಕಾರಣಕ್ಕಲ್ಲ. ಅಂಗಡಿಯ ಮೇಲಿನ ಮಹಡಿ, ಪ್ಲಾಸ್ಟಿಕ್ ಕುರ್ಚಿ, ಒಂದು ಕೀಬೋರ್ಡ್, ತಮಿಳು ತೆಲುಗು ಕನ್ನಡ ಮೂರರಲ್ಲೂ ಬರೆದ ಬೋರ್ಡು: ಇಂಥ ಪ್ರೇಯರ್ ಹಾಲ್‌ಗಳಿಗೆ ಭಾನುವಾರ ಬಂದು, ದೀಕ್ಷಾಸ್ನಾನದ ಮಾತು ಬಂದಾಗ ಹಿಂದೆ ಸರಿಯುವವರಿದ್ದಾರೆ. ಅವರನ್ನು ತಡೆಯುವುದು ನಾಡಕಚೇರಿ ಕೊಟ್ಟ, ಆರ್‌ಡಿ ನಂಬರ್ ಇರುವ ಜಾತಿ ಪ್ರಮಾಣಪತ್ರ. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಪ್ರಕಾರ ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಆ ಸ್ಥಾನ ಕಳೆದುಕೊಳ್ಳುತ್ತಾರೆ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಪಟ್ಟಿಯೊಳಗೆ ತಂದ ಸಂಸತ್ತು ಕ್ರೈಸ್ತರನ್ನೂ ಮುಸ್ಲಿಮರನ್ನೂ ಹೊರಗೇ ಇಟ್ಟಿತು. ಚರ್ಚಿಗೆ ಹೋಗುತ್ತಲೇ ಹಿಂದೂ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಕೇಳಿದ ಪುದುಚೇರಿಯ ಪ್ರಕರಣದಲ್ಲಿ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಬೇಡಿಕೆಯನ್ನು ಸಂವಿಧಾನಕ್ಕೆ ಮಾಡುವ ವಂಚನೆ ಎಂದೇ ಕಂಡಿತು. ಗೋಡೆಯಿಲ್ಲದ ಕ್ರೈಸ್ತ ಒಡನಾಟ ತಾಮಸ್ ಪಾಲಿಗೆ ಸ್ವಾತಂತ್ರ್ಯ. ಈ ಜನರ ಪಾಲಿಗೆ ಅದು ಹೆದರಿಕೆ.

ಮಾನವೀಕರಣದ ಮಾತೇ ಮತಾಂತರದ ಮುಸುಕು, ಶಾಲೆ ಆಸ್ಪತ್ರೆಗಳೆಲ್ಲ ಆಮಿಷ ಎಂಬ ಆಕ್ಷೇಪ ಕರ್ನಾಟಕದಲ್ಲಿ ಕಾನೂನೇ ಆಗಿ ಬಂತು. 2022ರ ಕಾಯ್ದೆ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವನ್ನೂ ಆಮಿಷದ ವ್ಯಾಖ್ಯೆಗೆ ಸೇರಿಸಿತು. ಮತಾಂತರಕ್ಕೆ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿತು. ಅದನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಸೇವೆಯನ್ನು ಸಂಖ್ಯೆಗೆ ಏಣಿ ಮಾಡಿಕೊಂಡ ಮಿಷನ್‌ಗಳು ಇದ್ದವು, ಇಲ್ಲವೆನ್ನಲಾಗದು. ಅವುಗಳಿಗೆ ತಾಮಸ್ ಕೊಟ್ಟ ಉತ್ತರವೇ ಇವತ್ತಿಗೂ ಸರಿ: ನ್ಯಾಯದ ಕೆಲಸ ತನ್ನಷ್ಟಕ್ಕೇ ಸುವಾರ್ತೆಗೆ ಸೇರಿದ್ದು, ದೀಕ್ಷಾಸ್ನಾನದ ಮುಂಗಡವಲ್ಲ. ಆದರೆ ಕಾಯ್ದೆ ಬರೆದವರ ಕಣ್ಣಿಗೆ, ದೇವರನ್ನು ಬದಲಿಸಿದ ಬಡವ ಯಾವಾಗಲೂ ಕೊಂಡುಕೊಳ್ಳಲ್ಪಟ್ಟವನೇ. ಅವನು ತಾನೇ ಯೋಚಿಸಿ ಹೊರಟಿರಬಹುದು ಎಂಬ ಸಾಧ್ಯತೆಗೆ ಅಲ್ಲಿ ಜಾಗವಿಲ್ಲ.

ತಾಮಸ್ ಪರವಾಗಿಯೂ ಒಂದು ಮಾತು ಹೇಳಬಹುದು. ಕೋಮುಗಳಾಗಿ ಒಡೆಯುತ್ತಿದ್ದ ದೇಶದಲ್ಲಿ ಸಭೆಯೂ ಇನ್ನೊಂದು ಕೋಮಾಗದಿರಲಿ ಎಂಬ ಕಾಳಜಿ ಅವರದು. ದಲಿತರ ಸಾಮೂಹಿಕ ಮತಾಂತರದಲ್ಲಿ ಘನತೆಯ ಹಂಬಲವಿತ್ತೆಂಬುದನ್ನು ಅವರು ಅಲ್ಲಗಳೆದವರಲ್ಲ. ಕಾಳಜಿ ನಿಜ. ಆದರೆ ಗೋಡೆ ಕೆಡವುವ ತ್ಯಾಗವನ್ನು ಯಾರಿಂದ ಕೇಳುತ್ತಿದ್ದೇವೆ ಎಂದು ಪುಸ್ತಕ ತೂಗಿ ನೋಡುವುದಿಲ್ಲ. ಜಗತ್ತಿನ ಸಭೆಗಳ ಒಕ್ಕೂಟ 2012ರಲ್ಲಿ ಒಪ್ಪಿಕೊಂಡ ಮಿಷನ್ ಹೇಳಿಕೆ, ಅಂಚಿನಲ್ಲಿರುವವರೇ ಮಿಷನ್ನಿನ ಕರ್ತೃಗಳು ಎನ್ನುವಷ್ಟು ದೂರ ಬಂದಿದೆ. ಆ ಮಾತನ್ನು ಇಲ್ಲಿ ನಿಜವಾಗಿಸಬೇಕಾದರೆ 1950ರ ಆದೇಶದ ಮೂರನೇ ಪ್ಯಾರಾ ಬರೀ ವಕೀಲರ ವಿಷಯವಾಗಿ ಉಳಿಯುವಂತಿಲ್ಲ. ದೀಕ್ಷಾಸ್ನಾನವೆಂದರೇನು ಎಂದು ಪಾಠ ಹೇಳುವವರು ಅದನ್ನೂ ಅದೇ ಪಾಠದಲ್ಲಿ ಹೇಳಬೇಕಾಗುತ್ತದೆ.