‘ಚಿರಸ್ಮರಣೆ’ಯ ಐದನೆಯ ಸಾವು

ಕಳೆದ ದಶಲಕ್ಷಣ ಪರ್ವದ ಒಂದು ಸಂಜೆ ಕಗ್ಗದಾಸಪುರದ ನಮ್ಮ ಮನೆಯಲ್ಲಿ ಏಳೆಂಟು ಮಂದಿ ಸ್ವಾಧ್ಯಾಯಕ್ಕೆ ಸೇರಿದ್ದೆವು. ನಿರಂಜನರ ‘ಚಿರಸ್ಮರಣೆ’ ಕಾದಂಬರಿ ಮೇಜಿನ ಮೇಲಿತ್ತು. ಊರಿನ ಕಡೆಯ ಹಿರಿಯರೊಬ್ಬರು ಅದನ್ನು ಎತ್ತಿ ನೋಡಿ, “ಎಂಥದು ಮಾರಾಯ್ರೇ, ಅಹಿಂಸೆಯವರ ಮನೆಯಲ್ಲಿ ಕೊಲೆಯ ಪುಸ್ತಕ?” ಎಂದು ನಗುತ್ತ ಕೇಳಿದರು. ಅದೇ ಹಿರಿಯರು ಹಿಂದಿನ ವಾರವಷ್ಟೇ ನಂದಾವರದ ಬಂಗರಸನ ಶೌರ್ಯವನ್ನು ಮನಸಾರೆ ಕೊಂಡಾಡಿದ್ದರು. 1837ರಲ್ಲಿ ಕಲ್ಯಾಣಪ್ಪನ ಮುಂದಾಳತ್ವದಲ್ಲಿ ಸುಳ್ಯದ ಕಡೆಯಿಂದ ಹೊರಟು, ಕಂಪೆನಿ ಸರಕಾರದ ಕಂದಾಯ ನೀತಿಯ ವಿರುದ್ಧ ಆಯುಧ ಹಿಡಿದು, ಕೆಲವು ದಿನ ಮಂಗಳೂರನ್ನೇ ವಶದಲ್ಲಿಟ್ಟುಕೊಂಡಿದ್ದ ರೈತ ದಂಗೆಯಲ್ಲಿ ಆ ಜೈನ ಅರಸನು ಸೇರಿದ್ದನು, ಅದಕ್ಕಾಗಿ ಗಲ್ಲಿಗೇರಿದನು. ಬಂಗರಸನ ಕತ್ತಿ ನಮಗೆ ಹೆಮ್ಮೆ, ಕಯ್ಯೂರಿನ ರೈತನ ಕಲ್ಲು ನಮಗೆ ಪಾಪ. ಈ ಎರಡು ತೂಕ ಹೇಗೆ ಬಂದವು? ಅಂದು ನಾನು ಉತ್ತರಿಸಲಿಲ್ಲ. ವಾಚಕ ಬಂಧುಗಳ ಮುಂದೆ ಇಂದು ಆ ಉತ್ತರಕ್ಕೆ ಯತ್ನಿಸುತ್ತೇನೆ.

1955ರಲ್ಲಿ ಪ್ರಕಟವಾದ ‘ಚಿರಸ್ಮರಣೆ’ಯ ವಸ್ತು ಕಯ್ಯೂರು ಪ್ರಕರಣ. ಕಯ್ಯೂರು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕಿನಲ್ಲಿತ್ತು. 1956ರ ನವೆಂಬರ್ 1ರಿಂದ ಕೇರಳಕ್ಕೆ ಸೇರಿತು. ನೀಲೇಶ್ವರದಲ್ಲಿ ವಿದ್ಯಾರ್ಥಿಯಾಗಿದ್ದ ನಿರಂಜನರಿಗೆ ಅದು ದೂರದ ಸಂಗತಿಯಲ್ಲ. 1941ರ ಮಾರ್ಚ್ 28ರಂದು ಪೊಲೀಸರ ದಾಳಿ, ಬಂಧನಗಳನ್ನು ಪ್ರತಿಭಟಿಸಿ ರೈತರ ಮೆರವಣಿಗೆ ಹೊರಟಿತ್ತು. ಸುಬ್ಬರಾಯನ್ ಎಂಬ ಪೇದೆ ಅದಕ್ಕೆ ಎದುರಾದನು. ಧ್ವಜ ಹಿಡಿದು ಮುಂದೆ ನಡೆಯುವಂತೆ ಅವನನ್ನು ಬಲವಂತಪಡಿಸಲಾಯಿತು. ಅವನು ತಪ್ಪಿಸಿಕೊಂಡು ತೇಜಸ್ವಿನಿ ಹೊಳೆಗೆ ಹಾರಿದನು. ಹಿಂದಿನಿಂದ ಕಲ್ಲುಗಳು ಬಿದ್ದವು. ಅವನು ನೀರಿನಲ್ಲೇ ಸತ್ತನು. ಸುಮಾರು 60 ಮಂದಿಯ ಮೇಲೆ ಮೊಕದ್ದಮೆ ನಡೆಯಿತು. ಐವರಿಗೆ ಮರಣದಂಡನೆಯಾಯಿತು, ಅವರಲ್ಲೊಬ್ಬನು ಎಳೆಯ ವಯಸ್ಸಿನವನೆಂದು ಅವನ ಶಿಕ್ಷೆ ಜೀವಾವಧಿಗೆ ಇಳಿಯಿತು. ಅಪ್ಪು, ಚಿರುಕಂಡನ್, ಕುಞಂಬು ನಾಯರ್, ಅಬೂಬಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು.

ಕಾದಂಬರಿಯ ದೊಡ್ಡ ಗುಣವೆಂದರೆ ಅದು ಕಲ್ಲಿನಿಂದ ಆರಂಭವಾಗುವುದಿಲ್ಲ. ಅಪ್ಪು, ಚಿರುಕಂಡರ ಬಾಲ್ಯ, ಅವರಿಗೆ ಅಕ್ಷರದೊಡನೆ ವಿವೇಕವನ್ನೂ ಕೊಡುವ ಶಾಲಾ ಮಾಸ್ತರು, ಜಮೀನ್ದಾರರ ದರ್ಪ, ನಿಧಾನವಾಗಿ ಬೆಳೆಯುವ ರೈತ ಸಂಘ ಇವುಗಳಿಗೆ ಲೇಖಕರು ಸಾಕಷ್ಟು ಎಡೆ ಕೊಟ್ಟಿದ್ದಾರೆ. ಮಲಬಾರಿನ ಕಡೆ ಜನ್ಮಿಗಳು ಗೇಣಿಯ ಮೇಲೆ ವಾಶಿ, ನುರಿ ಮುಂತಾದ ಹೆಚ್ಚುವರಿ ವಸೂಲಿಗಳನ್ನು ನಡೆಸುತ್ತಿದ್ದರು. 1930ರ ದಶಕದ ರೈತ ಸಂಘಗಳು ಮೊದಲು ಎದ್ದದ್ದೇ ಇವುಗಳ ವಿರುದ್ಧ.

ಇಲ್ಲಿ ನಮ್ಮ ಶಾಸ್ತ್ರವನ್ನು ನೆನೆಯುವುದು ಅಪ್ರಸ್ತುತವಾಗದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮೊದಲ ಮೂರನ್ನು ನಾವು ಬೇಗ ಗುರುತಿಸುತ್ತೇವೆ, ಏಕೆಂದರೆ ಅಲ್ಲಿ ಹಗ್ಗವಿದೆ, ಕೋಲಿದೆ, ರಕ್ತವಿದೆ. ಕೊನೆಯ ಎರಡು ಲೆಕ್ಕದ ಪುಸ್ತಕದೊಳಗೆ ಸದ್ದಿಲ್ಲದೆ ನಡೆಯುತ್ತವೆ. ಹೊರಲಾರದ ಗೇಣಿ ಹೇರುವುದು ಅತಿಭಾರಾರೋಪಣವಲ್ಲವೇ? ಬಾಕಿಯ ನೆಪದಲ್ಲಿ ಒಕ್ಕಲೆಬ್ಬಿಸುವುದು ಅನ್ನಪಾನನಿರೋಧವಲ್ಲವೇ? ಸೂತ್ರಕಾರರು ಐದನ್ನೂ ಒಂದೇ ಸಾಲಿನಲ್ಲಿಟ್ಟಿರುವಾಗ, ಮೂರನ್ನು ಹಿಂಸೆಯೆಂದೂ ಎರಡನ್ನು ವ್ಯವಹಾರವೆಂದೂ ಬೇರ್ಪಡಿಸಲು ನಮಗೆ ಅಧಿಕಾರವಿಲ್ಲ. ‘ಚಿರಸ್ಮರಣೆ’ಯನ್ನು ಕೊಲೆಯ ಪುಸ್ತಕವೆನ್ನುವವರು ಅದರ ಕಥೆಯನ್ನು ನಡುವಿನಿಂದ ಓದುತ್ತಿದ್ದಾರೆ.

ಆದರೆ ವಿಮರ್ಶಕನ ಕೆಲಸ ಇಲ್ಲಿಗೆ ಮುಗಿಯದು. ನಾಲ್ವರ ಸಾವಿಗೆ ಕಾದಂಬರಿಯು ಕೊಡುವ ಎಡೆಯೂ ಗಾಂಭೀರ್ಯವೂ ಪೇದೆಯ ಸಾವಿಗೆ ದೊರೆಯುವುದಿಲ್ಲ. ಕಯ್ಯೂರಿನಲ್ಲಿ ಸತ್ತವರು ಐವರು. ಕಾದಂಬರಿಯ ಹೆಸರಿನಲ್ಲಿರುವ ಸ್ಮರಣೆ ನಾಲ್ವರದು. ಬಂಗರಸನ ಪರವಾಗಿ ನಮ್ಮವರು ಹೇಳುವ ಸಮರ್ಥನೆ ಇದು: ಗೃಹಸ್ಥನು ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆ, ಆತ್ಮರಕ್ಷಣೆಗಾಗಿ ನಡೆಯುವ ವಿರೋಧೀ ಹಿಂಸೆಯನ್ನು ಅವನು ಪೂರ್ತಿ ತ್ಯಜಿಸಲಾರನು. ಒಪ್ಪೋಣ. ಹಾಗಿದ್ದರೆ ಅರಸನಿಗೆ ಸಲ್ಲುವ ಆ ವಿನಾಯಿತಿ ಒಕ್ಕಲಿಗೂ ಸಲ್ಲಬೇಕು. ಅವನೂ ತನ್ನ ನೆಲವನ್ನೂ ಮಕ್ಕಳ ಗಂಜಿಯನ್ನೂ ಕಾಯುತ್ತಿದ್ದವನೇ. ಆದರೆ ಎದುರಾಳಿ ಒಬ್ಬಂಟಿಯಾಗಿ ಬೆನ್ನು ತಿರುಗಿಸಿ ನೀರಿಗೆ ಹಾರಿದ ಕ್ಷಣದಲ್ಲಿ ರಕ್ಷಣೆಯ ಕಾರಣ ಮುಗಿಯಿತು. ಆಮೇಲೆ ಬಿದ್ದ ಕಲ್ಲು ಸಿಟ್ಟಿನದು. ಇಷ್ಟು ಸೂಕ್ಷ್ಮವಾದ ಮಾಸ್ತರನನ್ನು ಚಿತ್ರಿಸಿದ ಲೇಖಕರು ಈ ಗೆರೆಯ ಬಳಿ ನಮ್ಮನ್ನು ಸ್ವಲ್ಪ ಹೊತ್ತು ನಿಲ್ಲಿಸಿದ್ದರೆ ಕಾದಂಬರಿಯ ನ್ಯಾಯ ಇನ್ನಷ್ಟು ಬಲಗೊಳ್ಳುತ್ತಿತ್ತು. ನಾಲ್ವರ ಹಿರಿಮೆ ಕುಗ್ಗುತ್ತಿರಲಿಲ್ಲ. ಪೇದೆಯೂ ಸಂಬಳಕ್ಕೆ ದುಡಿಯುವ ಬಡವನೇ. ಜನ್ಮಿಯ ಮೇಲಿನ ಸಿಟ್ಟಿಗೆ ಕೈಗೆ ಸಿಕ್ಕವನು ಅವನು.

ಅಂದಿನ ಸರಕಾರದ ನ್ಯಾಯವನ್ನೂ ಇದೇ ತಕ್ಕಡಿಯಲ್ಲಿಡಬೇಕು. ಒಬ್ಬನು ಮಾಡಿದ ಹಿಂಸೆಯ ಫಲಕ್ಕೆ ಹಲವರು, ಹಲವರು ಮಾಡಿದ ಹಿಂಸೆಯ ಫಲಕ್ಕೆ ಒಬ್ಬನು ಭಾಗಿಯಾಗುವುದುಂಟೆಂದು ಅಮೃತಚಂದ್ರ ಸೂರಿಗಳು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಚರ್ಚಿಸಿದ್ದಾರೆ. ಆದರೆ ಅವರು ಹೇಳುವ ಲೆಕ್ಕ ಅವರವರ ಭಾವದ್ದು. ಗುಂಪಿನಲ್ಲಿ ಯಾರ ಕಲ್ಲು, ಯಾರ ಭಾವ ಎಂಬುದನ್ನು ಯಾವ ನ್ಯಾಯಾಧೀಶನು ಅಳೆಯಬಲ್ಲನು? ಒಂದು ಸಾವಿಗೆ ನಾಲ್ಕು ಸಾವು ಸೇರಿಸಿ ಲೆಕ್ಕ ಚುಕ್ತಾ ಮಾಡಿದೆವೆಂದುಕೊಂಡವರು ಸಾಲವನ್ನು ಹೆಚ್ಚಿಸಿದರು ಅಷ್ಟೆ.

ಬೇರೆ ದಾರಿ ಇರಲಿಲ್ಲವೇ? ಹತ್ತು ವರ್ಷಗಳ ನಂತರ, 1951ರಲ್ಲಿ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದರು. ಗೇಣಿ ಅಳೆಯುವ ಕೊಳಗದ ಗಾತ್ರವೇ ಅಲ್ಲಿನ ಮುಖ್ಯ ತಕರಾರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೇಣಿದಾರರು ಸತ್ಯಾಗ್ರಹದ ಹಾದಿ ಹಿಡಿದು ಜೈಲು ತುಂಬಿದರು. ತೆಲಂಗಾಣದಲ್ಲಿ 1946ರಿಂದ ನಡೆದಿದ್ದ ಸಶಸ್ತ್ರ ಹೋರಾಟ ಹಿಂತೆಗೆದುಕೊಂಡದ್ದೂ, ಅದೇ ಸೀಮೆಯ ಪೋಚಂಪಳ್ಳಿಯಲ್ಲಿ ವಿನೋಬಾರವರ ಭೂದಾನ ಆರಂಭವಾದದ್ದೂ ಅದೇ 1951ರಲ್ಲಿ. ಕಾಗೋಡನ್ನು ತೋರಿಸಿ ಕಯ್ಯೂರಿನವರಿಗೆ ಬುದ್ಧಿ ಹೇಳುವುದು ಸುಲಭ. ಆದರೆ ಕಾಗೋಡಿನ ಎದುರಿಗಿದ್ದುದು ಸ್ವತಂತ್ರ ದೇಶದ ಸರಕಾರ, ಕಯ್ಯೂರಿನ ಎದುರಿಗಿದ್ದುದು ಯುದ್ಧಕಾಲದ ಪರಕೀಯ ಆಳ್ವಿಕೆ ಎಂಬುದನ್ನು ಮರೆಯಬಾರದು. ಎರಡೂ ಕಡೆ ಕಿಡಿ ಹೊತ್ತಿದ್ದು ಮಾತ್ರ ಒಡೆಯರ ವಸೂಲಿಯಿಂದ.

ಕೊಳಗದ ಮಾತು ಬಂದಾಗ ನಮ್ಮ ಮನೆಯ ಸಂಗತಿಯೊಂದನ್ನು ಹೇಳದೆ ಮುಗಿಸಿದರೆ ನಾನೂ ಎರಡು ತೂಕದವನೇ ಆಗುತ್ತೇನೆ. ದಕ್ಷಿಣ ಕನ್ನಡದ ನಮ್ಮ ಮೂಲಮನೆಯ ಚಾಲಗೇಣಿ ಗದ್ದೆಗಳು 1974ರ ಭೂಸುಧಾರಣೆಯಿಂದ ಒಕ್ಕಲುಗಳ ಪಾಲಾದವು. ಆಗ ನಾನು ಹೈಸ್ಕೂಲು ಹುಡುಗ. ಮನೆಯಲ್ಲಿ ಅದನ್ನು ‘ದರೋಡೆ’ ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ನಂಬಿ ಬೆಳೆದೆ. ಬಹಳ ವರ್ಷಗಳ ಮೇಲೆ ಮನೆ ಪಾಲಾಗುವಾಗ ಅಟ್ಟದ ಮೇಲೆ ಎರಡು ಸೇರುಗಳು ಸಿಕ್ಕವು. ನೋಟಕ್ಕೆ ಒಂದೇ. ವ್ಯಾಪಾರಿಯ ಕೈ ಸುಮ್ಮನಿರದೆ ಒಂದರಲ್ಲಿ ಅಕ್ಕಿ ತುಂಬಿ ಇನ್ನೊಂದಕ್ಕೆ ಸುರಿದೆ. ಒಂದು ಹಿಡಿ ಅಕ್ಕಿ ಹೊರಗೆ ಚೆಲ್ಲಿತು. ಒಂದು ಗೇಣಿ ತೆಗೆದುಕೊಳ್ಳಲು, ಇನ್ನೊಂದು ಸಾಲದ ಅಕ್ಕಿ ಕೊಡಲು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹೀನಾಧಿಕಮಾನೋನ್ಮಾನವು ಅಚೌರ್ಯ ವ್ರತದ ಅತಿಚಾರವೆಂದು ಪರೀಕ್ಷೆಗೆ ಬಾಯಿಪಾಠ ಮಾಡಿದ ಮನೆ ಅದು. ನಮ್ಮ ಅಜ್ಜನವರು ರಾತ್ರಿಭೋಜನ ಮಾಡಿದವರಲ್ಲ, ನೀರನ್ನು ಸೋಸದೆ ಕುಡಿದವರಲ್ಲ. ಆ ಹಿಡಿ ಅಕ್ಕಿ ಅವರ ಕಣ್ಣಿಗೆ ಬೀಳಲಿಲ್ಲ.

ಆದುದರಿಂದ ಬಸದಿಗಳ ಆಡಳಿತ ನಡೆಸುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ನಮ್ಮ ಟ್ರಸ್ಟುಗಳಲ್ಲಿ ಇಂದಿಗೂ ಅಂಗಡಿ ಮಳಿಗೆಗಳ ಬಾಡಿಗೆಯಿದೆ, ತೋಟದ ಆಳುಗಳಿದ್ದಾರೆ, ಅಡಿಗೆಯವರಿದ್ದಾರೆ, ಕಾವಲಿನವರಿದ್ದಾರೆ. ಬಂಗರಸನ ಜಯಂತಿಗೆ ಚಂದಾ ಎತ್ತುವ ಮೊದಲು ಅವರ ಸಂಬಳದ ಪುಸ್ತಕವನ್ನೊಮ್ಮೆ ತೆರೆದು ನೋಡೋಣ. ದಂಗೆ ಎದ್ದ ದಿನ ಅಹಿಂಸೆಯನ್ನು ಬೋಧಿಸುವುದು ತಡವಾದ ಬೋಧನೆ. ಅದನ್ನು ಆಚರಿಸಬೇಕಾದುದು ಗೇಣಿ ಅಳೆಯುವ ದಿನ.

‘ಚಿರಸ್ಮರಣೆ’ಯನ್ನು ನಮ್ಮ ಯುವಕರು ಓದಲಿ. ಓದಿ ಮುಗಿಸಿದ ಮೇಲೆ ನಾಲ್ವರ ಹೆಸರಿನೊಡನೆ ಹೊಳೆಯಲ್ಲಿ ಸತ್ತ ಐದನೆಯವನನ್ನೂ ನೆನೆಯಲಿ. ಆ ಹಿರಿಯರಿಗೂ ಒಂದು ಪ್ರತಿ ಕೊಟ್ಟಿದ್ದೇನೆ. ಮುಂದಿನ ಗೋಷ್ಠಿಗೆ ಬರುವಾಗ ಓದಿಕೊಂಡು ಬರುವುದಾಗಿ ಮಾತು ಕೊಟ್ಟಿದ್ದಾರೆ. ಬರಹದಲ್ಲಿ ಪ್ರಮಾದವಿದ್ದರೆ ತಿಳಿದವರು ತಿದ್ದಬೇಕು, ಕ್ಷಮಿಸಬೇಕು.