ಬಾಗಿಲ ಹಿಂದೆ ನಿಂತ ನಾಯಕ

ಶ್ಯಾಮ್ ಬೆನಗಲ್ ಅವರ ‘ಅಂಕುರ್’ (1974) ಮುಗಿಯುವ ಹೊತ್ತಿಗೆ ಜಮೀನ್ದಾರನ ಮಗ ಸೂರ್ಯ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಮಾತು ಬಾರದ ಕಿಷ್ಟಯ್ಯ ಕೆಲಸ ಕೇಳಿಕೊಂಡು ಬಂದಿದ್ದ. ತನ್ನನ್ನು ಹೊಡೆಯಲು ಬಂದನೆಂದು ಹೆದರಿ ಸೂರ್ಯ ಅವನಿಗೆ ಚಾಟಿಯಿಂದ ಬಾರಿಸಿದ್ದಾನೆ. ಹೊರಗೆ ಕಿಷ್ಟಯ್ಯನ ಹೆಂಡತಿ ಲಕ್ಷ್ಮಿ ಶಾಪ ಹಾಕುತ್ತಿದ್ದಾಳೆ. ಶಬಾನಾ ಆಜ್ಮಿಯ ಆ ಕೂಗಿನ ಬಗ್ಗೆ ಸಾಕಷ್ಟು ಬರೆದಿದ್ದಾರೆ, ಬರೆಯಲೇಬೇಕು. ನನ್ನ ಕಣ್ಣು ಮಾತ್ರ ಪ್ರತಿಸಲವೂ ಒಳಗೆ ನಿಂತವನ ಮುಖದ ಮೇಲೆ ನೆಡುತ್ತದೆ. ತಾನು ಮಾಡಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತು, ಬಾಗಿಲು ತೆರೆಯುವ ಎದೆಗಾರಿಕೆ ಇಲ್ಲ. ಇಪ್ಪತ್ತೈದರ ಆಸುಪಾಸಿನ, ನೋಡಲು ಅಷ್ಟು ಚೆಂದವಿದ್ದ ಹುಡುಗನೊಬ್ಬ ಹಿಂದಿ ಪ್ರೇಕ್ಷಕರಿಗೆ ತನ್ನನ್ನು ಹೇಡಿಯಾಗಿ ಪರಿಚಯಿಸಿಕೊಂಡ. ಅದಕ್ಕೆ ಎಂಥ ಧೈರ್ಯ ಬೇಕು!

ಆ ಹುಡುಗನೇ ಅನಂತನಾಗ್. ಅವರಿಗೆ 2025ರಲ್ಲಿ ಪದ್ಮಭೂಷಣ ಬಂದಾಗ ಅವರ ವೈವಿಧ್ಯದ ಬಗ್ಗೆ ಎಲ್ಲರೂ ಹೇಳಿದರು: ಕಲಾತ್ಮಕ ಚಿತ್ರ, ಪ್ರೇಮಕಥೆ, ಹಾಸ್ಯ, ದೂರದರ್ಶನ, ನಡುವೆ ರಾಜಕೀಯ. ಪಟ್ಟಿ ನಿಜ. ಆದರೆ ಈ ಐವತ್ತು ವರ್ಷಗಳನ್ನು ಒಂದೇ ಎಳೆ ಪೋಣಿಸಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಗಂಡಸಿನ ಅಳುಕನ್ನು, ಅವನು ಸೋತು ಪೆಚ್ಚಾಗುವ ಗಳಿಗೆಯನ್ನು ಇಷ್ಟು ನಾಚಿಕೆಯಿಲ್ಲದೆ ತೋರಿಸಿದ ನಾಯಕನಟ ನಮ್ಮಲ್ಲಿ ಇನ್ನೊಬ್ಬರಿಲ್ಲ.

ಮುಂಬಯಿಯ ಕೊಂಕಣಿ, ಮರಾಠಿ, ಹಿಂದಿ ರಂಗಭೂಮಿಯಲ್ಲಿ ಪಳಗಿದವರು ‘ಸಂಕಲ್ಪ’ದಿಂದ ಕನ್ನಡಕ್ಕೆ ಬಂದರು. ‘ಹಂಸಗೀತೆ’ಯಲ್ಲಿ (1975) ಭೈರವಿ ವೆಂಕಟಸುಬ್ಬಯ್ಯನಾದರು. ‘ಬಯಲು ದಾರಿ’, ‘ಚಂದನದ ಗೊಂಬೆ’ಗಳ ಕಾಲದಲ್ಲಿ ಮನೆಮನೆಯ ಹೆಂಗಸರ ಮೆಚ್ಚಿನ ನಟರಾದರು. ಅಲ್ಲಿಯೂ ಅವರ ಪ್ರೇಮಿ ಹುಡುಗಿಯ ಮುಂದೆ ಎದೆಯುಬ್ಬಿಸಿ ನಿಲ್ಲುವವನಲ್ಲ, ಮಾತಿಗೆ ತಡಕಾಡುವವನು. ‘ನಾ ನಿನ್ನ ಬಿಡಲಾರೆ’ಯಲ್ಲಿ (1979) ನಾಯಕನ ಮೈಮೇಲೆ ಹೆಣ್ಣು ದೆವ್ವವೇ ಬರುತ್ತದೆ. ತನ್ನ ದೇಹವೇ ತನ್ನ ಕೈಮೀರಿದ ಗಂಡಸು! ಆ ದಿನಗಳಲ್ಲಿ ಎಷ್ಟು ಮಂದಿ ನಾಯಕರು ಅದಕ್ಕೆ ಒಪ್ಪುತ್ತಿದ್ದರೋ. ಎಂ.ಎಸ್. ಸತ್ಯು ಅವರ ‘ಬರ’ದ ಜಿಲ್ಲಾಧಿಕಾರಿ ಪ್ರಾಮಾಣಿಕ, ವಿದ್ಯಾವಂತ, ಆದರೂ ರಾಜಕಾರಣದ ಸುಳಿಯಲ್ಲಿ ಅವನ ಕೈ ಕಟ್ಟಿಹೋಗುತ್ತದೆ.

ಇನ್ನು ಹಾಸ್ಯ. ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ಯನ್ನು (1990) ಬಾಯಿಪಾಠ ಮಾಡಿಕೊಂಡ ಮನೆಗಳು ಬೇಕಾದಷ್ಟಿವೆ. ರಮಣಮೂರ್ತಿಯ ವಠಾರದಲ್ಲಿ ಬಾಡಿಗೆಗಿರುವ ವೈ.ಜಿ. ರಾವ್ ಮಾಲೀಕನ ಮಗಳೊಂದಿಗೆ ದಿನಾ ಜಗಳವಾಡುತ್ತಾನೆ. ತಾನು ಮನಸಾರೆ ಪ್ರೀತಿಸುವ ಗಾಯಕಿಯೂ ಅವಳೇ ಎನ್ನುವುದು ಅವನಿಗೆ ತಿಳಿಯದು. ಇಲ್ಲಿ ಅನಂತನಾಗ್ ಒಮ್ಮೆಯೂ ನಗಿಸಲು ಹೊರಡುವುದಿಲ್ಲ. ವೈ.ಜಿ. ರಾವ್‌ಗೆ ವಠಾರದ ಜಗಳವೂ ಜೀವನ್ಮರಣದ ಪ್ರಶ್ನೆ, ಪ್ರೀತಿಯೂ ಅಷ್ಟೇ. ಅವನ ಸಿಟ್ಟು ನೂರಕ್ಕೆ ನೂರು ನಿಜವಾಗಿರುವುದರಿಂದಲೇ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ಸುನೀಲ್ ಕುಮಾರ್ ದೇಸಾಯಿ ಅವರ ‘ಬೆಳದಿಂಗಳ ಬಾಲೆ’ಯಲ್ಲಿ (1995) ಎದುರಿಗೆ ನಟಿಯೇ ಇಲ್ಲ, ಫೋನಿನಲ್ಲೊಂದು ದನಿ ಮಾತ್ರ. ಚದುರಂಗದ ಗ್ರ್ಯಾಂಡ್‌ಮಾಸ್ಟರ್ ರೇವಂತ್ ಆ ದನಿಗೆ ಕಿವಿಗೊಟ್ಟು ಕೂರುವ ದೃಶ್ಯಗಳನ್ನು ನೋಡಿ. ರಿಸೀವರ್ ಹಿಡಿದವನ ಮುಖದಲ್ಲೇ ಆಚೆ ಬದಿಯ ಹುಡುಗಿ ಕಾಣುತ್ತಾಳೆ. ಕೇಳಿಸಿಕೊಳ್ಳುವುದು ನಟನೆಯ ಅರ್ಧ ಭಾಗ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಹಾಗಿದ್ದರೂ ಒಂದೇ ಪಾತ್ರ ಆರಿಸಿ ಎಂದರೆ ನನ್ನ ಆಯ್ಕೆ ಕಿರುತೆರೆಯದು. ತಮ್ಮ ಶಂಕರ್‌ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿ ದೂರದರ್ಶನಕ್ಕೆ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ನಲ್ಲಿ, ಆರ್.ಕೆ. ನಾರಾಯಣರ ‘ದಿ ವೆಂಡರ್ ಆಫ್ ಸ್ವೀಟ್ಸ್’ ಕಾದಂಬರಿಯ ಜಗನ್. ಜಗನ್ ಅರವತ್ತರ ಅಂಚಿನ ವಿಧುರ. ಅನಂತನಾಗ್‌ಗೆ ಆಗ ನಲವತ್ತೂ ತುಂಬಿರಲಿಲ್ಲ. ವಯಸ್ಸಾದವರನ್ನು ತೋರಿಸಲು ನಡುಗುವ ಕೈ, ಕೆಮ್ಮು, ಊರುಗೋಲುಗಳ ಮೊರೆಹೋಗುವುದು ನಮ್ಮ ನಟರ ಹಳೆಯ ಅಭ್ಯಾಸ. ಇವರು ವಯಸ್ಸನ್ನು ಕಂಡುಕೊಂಡದ್ದು ಸಂಕೋಚದಲ್ಲಿ. ಖಾದಿ ತೊಟ್ಟು ಭಗವದ್ಗೀತೆ ಓದುತ್ತ ಕೂರುವ ಈ ಗಾಂಧಿವಾದಿ ಮಿಠಾಯಿ ಅಂಗಡಿಯಲ್ಲಿ ಗಟ್ಟಿ ಯಜಮಾನ. ಗಲ್ಲಾಪೆಟ್ಟಿಗೆಯ ಕಾಸನ್ನು ಲೆಕ್ಕಕ್ಕೆ ಸೇರುವುದು, ಸೇರದಿರುವುದು ಎಂದು ವಿಂಗಡಿಸುವುದರಲ್ಲೂ ನಿಪುಣ. ಮನೆಗೆ ಬಂದರೆ ಮಗ ಮಾಲಿಯ ಮುಂದೆ ನಾಲಿಗೆಯೇ ಏಳದು. ಅಮೆರಿಕಕ್ಕೆ ಹೋದ ಮಗ ಗ್ರೇಸ್ ಎಂಬವಳನ್ನು ಕರೆದುಕೊಂಡು ಬರುತ್ತಾನೆ, ಕಥೆ ಬರೆಯುವ ಯಂತ್ರಕ್ಕೆ ದುಡ್ಡು ಹೂಡು ಎನ್ನುತ್ತಾನೆ. ಅಪ್ಪನಿಗೆ ಸಿಟ್ಟಿದೆ, ಬೈಯಲಾರ. ಮಮತೆಯಿದೆ, ಆಡಿ ತೋರಿಸಲಾರ. ಮಗನ ಮನಸ್ಸಿನಲ್ಲಿ ಏನಿದೆ ಎಂದು ಅಂಗಡಿಗೆ ಬರುವ ನೆಂಟನ ಬಾಯಿಂದ ತಿಳಿದುಕೊಳ್ಳಬೇಕಾದ ಸ್ಥಿತಿ. ಬೆಳೆದ ಮಕ್ಕಳ ಕೋಣೆಯ ಮುಂದೆ ಒಂದು ಗಳಿಗೆ ನಿಂತು ಹಿಂತಿರುಗಿದ ಯಾವ ಅಪ್ಪನಿಗೂ ಈ ಜಗನ್ ಅಪರಿಚಿತನಲ್ಲ. ಎರಡೂವರೆ ಗಂಟೆಯ ಸಿನಿಮಾ ಈ ತಳಮಳಕ್ಕೆ ಜಾಗ ಕೊಡುತ್ತಿರಲಿಲ್ಲ. ವಾರವಾರವೂ ಮನೆಗೆ ಬರುವ ಧಾರಾವಾಹಿ ಕೊಟ್ಟಿತು.

1994ರಲ್ಲಿ ಮಲ್ಲೇಶ್ವರದ ಶಾಸಕರಾಗಿ, ಆಮೇಲೆ ಜೆ.ಎಚ್. ಪಟೇಲರ ಸಂಪುಟದಲ್ಲಿ ಮಂತ್ರಿಯಾಗಿ ಕಳೆದ ಕಾಲ ನಟನೆಗೆ ನಷ್ಟವೆಂದೇ ನನ್ನ ಭಾವನೆ.

ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಆ ನಷ್ಟವನ್ನು ಬಡ್ಡಿ ಸಮೇತ ತುಂಬಿತು. ಅಲ್ಜೈಮರ್ ಕಾಯಿಲೆಯ ವೆಂಕೋಬರಾವ್ ಕಳೆದುಹೋಗಿದ್ದಾನೆ, ಮಗ ಶಿವ ಹುಡುಕುತ್ತಿದ್ದಾನೆ. ಕೊಲೆಗಡುಕರ ನಡುವೆ ಸಿಕ್ಕಿಬಿದ್ದರೂ ಮುದುಕನಿಗೆ ಅಪಾಯದ ಅರಿವಿಲ್ಲ. ಅನಂತನಾಗ್ ಇಲ್ಲಿ ಕರುಣೆ ಬೇಡುವುದೇ ಇಲ್ಲ. ತೀರಿಕೊಂಡ ಹೆಂಡತಿ ಪುಷ್ಪಾಳ ಮಾತು ಬಂದಾಗ ಮುಖ ಅರಳುತ್ತದೆ, ಮರುಕ್ಷಣ ಎಳೆ ತಪ್ಪಿ ಬರಿದಾಗುತ್ತದೆ. ಜಗನ್‌ಗೆ ಮಗನೊಂದಿಗೆ ಮಾತು ಹೊರಡುತ್ತಿರಲಿಲ್ಲ, ವೆಂಕೋಬರಾವ್‌ಗೆ ಮಗ ಯಾರೆಂಬುದೇ ಜಾರಿಹೋಗುತ್ತಿದೆ. ಎರಡನ್ನೂ ಒಂದೇ ವಾರ ನೋಡಿ ಎಂದು ಓದುಗರಲ್ಲಿ ನನ್ನ ಕೋರಿಕೆ.

‘ಕೆಜಿಎಫ್’ ಮೊದಲ ಭಾಗದಲ್ಲಿ (2018) ಅವರು ಪತ್ರಕರ್ತ ಆನಂದ್ ಇಂಗಳಗಿ. ತೆರೆಯ ತುಂಬ ಗುಂಡು, ಸುತ್ತಿಗೆ, ಧೂಳು. ಇವರು ಸುಮ್ಮನೆ ಕೂತು ಕಥೆ ಹೇಳುತ್ತಾರೆ. ಆ ದನಿಯಲ್ಲಿ ಅಷ್ಟೂ ಅಬ್ಬರವನ್ನು ನಂಬಿಸುವ ಶಕ್ತಿಯಿತ್ತು. ಎರಡನೆಯ ಭಾಗದಲ್ಲಿ ಕಥೆ ಹೇಳುವ ಹೊಣೆ ಪ್ರಕಾಶ್ ರಾಜ್ ಅವರ ಪಾತ್ರಕ್ಕೆ ಬಂತು. ಅವರೂ ದೊಡ್ಡ ನಟರೇ. ಆದರೆ ನಾಯಕ ರಾಕಿಯ ಕಥೆಯನ್ನು ಹೇಳುತ್ತ ಹೇಳುತ್ತ ತಾನೇ ಅದಕ್ಕೆ ಮರುಳಾದ ಮುದುಕನ ಕಣ್ಣು ಇಂಗಳಗಿಯದು, ಎರಡನೆಯ ಭಾಗದುದ್ದಕ್ಕೂ ನಾನು ಅದನ್ನೇ ಹುಡುಕುತ್ತಿದ್ದೆ.