ಸೋಲುವ ಪಾತ್ರಕ್ಕೇ ಹೆಚ್ಚು ರೇಟು

ತಿಪಟೂರು ಸೀಮೆಯ ಯಾವುದಾದರೂ ಊರಿನಲ್ಲಿ, ಮೂರು ತಲೆಮಾರಿನವರು ಕೂತಿರುವ ಜಗುಲಿಯ ಮುಂದೆ ನಿಂತು ‘ಎಲ್ಲರಿಗಿಂತ ದೊಡ್ಡ ಪೈಲ್ವಾನ್ ಯಾರು?’ ಎಂದು ಕೇಳಿ ನೋಡಿ. ಅಜ್ಜಂದಿರು ದಾರಾ ಸಿಂಗ್ ಹೆಸರು ಹೇಳುತ್ತಾರೆ. 1968ರಲ್ಲಿ ಮುಂಬಯಿಯಲ್ಲಿ ಅಮೆರಿಕದ ಲೂ ಥೆಸ್‌ನನ್ನು ಸೋಲಿಸಿದವನು, ಆಮೇಲೆ ದೂರದರ್ಶನದ ರಾಮಾಯಣದಲ್ಲಿ ಹನುಮಂತನಾಗಿ ಬಂದವನು ಅವನು. ತೊಂಬತ್ತರ ದಶಕದಲ್ಲಿ ಕೇಬಲ್ ಬಂದಾಗ ಹೈಸ್ಕೂಲಿನಲ್ಲಿದ್ದ ಚಿಕ್ಕಪ್ಪ, ಸೋದರಮಾವಂದಿರು ಹಲ್ಕ್ ಹೋಗನ್ ಮತ್ತು ಬ್ರೆಟ್ ಹಾರ್ಟ್ ನಡುವೆ ಹಂಚಿಹೋಗಿದ್ದಾರೆ. ನನ್ನ ವಾರಿಗೆಯವರಿಗೆ ಅಂಡರ್‌ಟೇಕರ್ ಇಲ್ಲವೇ ಜಾನ್ ಸೀನಾ. ಕಾಲೇಜಿಗೆ ಹೋಗುವ ಹುಡುಗ ಇವರನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾನೆ: ‘ರೋಮನ್ ರೇನ್ಸ್ ಮುಂದೆ ಇವ್ರೆಲ್ಲ ಏನೂ ಅಲ್ಲ ಕಣಣ್ಣ, ಬುಡು.’

ಈ ಜಗಳಕ್ಕೆ ಕೂತವರಲ್ಲಿ ಯಾರೂ ಪೆದ್ದರಲ್ಲ. ಯಾರು ಗೆಲ್ಲಬೇಕೆಂದು ಮೊದಲೇ ಬರೆದಿಟ್ಟಿರುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. 1989ರಲ್ಲಿ ಆಗಿನ ಡಬ್ಲ್ಯೂಡಬ್ಲ್ಯೂಎಫ್ ಕಂಪನಿಯೇ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಇದು ಕ್ರೀಡಾಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತ್ತು. ಕ್ರೀಡೆಗಿದ್ದ ಸರ್ಕಾರಿ ನಿಯಂತ್ರಣದಿಂದ ತಪ್ಪಿಸಿಕೊಳ್ಳಲು ಅದಕ್ಕೆ ಹಾಗೆ ಹೇಳುವುದು ಬೇಕಿತ್ತು. ಅಷ್ಟಾದರೂ ಜಗುಲಿಯ ವಾದ ನಿಂತಿಲ್ಲ. ಗೆಲುವೇ ಬರೆದಿಟ್ಟದ್ದಾದರೆ ಇವರೆಲ್ಲ ಅಳೆಯುತ್ತಿರುವುದಾದರೂ ಏನನ್ನು?

ಇದು ಕಾವ್ಯಮೀಮಾಂಸೆಯ ಪ್ರಶ್ನೆ ಎಂದರೆ ನಗಬೇಡಿ. ಅಂತ್ಯ ಗೊತ್ತಿರುವ ಕಥೆಯನ್ನು ಮತ್ತೆ ಮತ್ತೆ ನೋಡಿ, ಯಾರು ಹೆಚ್ಚು ಎಂದು ವಾದಿಸುವ ಅಭ್ಯಾಸ ನಮ್ಮಲ್ಲಿ ಟಿ.ವಿ.ಗಿಂತ ಹಳೆಯದು. ಆ ವಾದ ನಿಜಕ್ಕೂ ವಿಮರ್ಶೆಯೇ. ಅದನ್ನು ಒಂದು, ಎರಡು, ಮೂರು ಎಂದು ಪಟ್ಟಿ ಮಾಡಿದ ಕೂಡಲೇ ವಿಮರ್ಶೆ ಸತ್ತುಹೋಗುತ್ತದೆ ಎಂಬುದಷ್ಟೇ ನನ್ನ ತಕರಾರು.

ನಮ್ಮ ಪೀಳಿಗೆಗೆ ಈ ಪಟ್ಟಿಯ ಚಟ ಹತ್ತಿಸಿದ್ದು ಟ್ರಂಪ್ ಕಾರ್ಡು. ಒಂದೊಂದು ಕಾರ್ಡಿನಲ್ಲಿ ಒಬ್ಬ ಪೈಲ್ವಾನನ ಫೋಟೊ. ಕೆಳಗೆ ಅವನ ರ‍್ಯಾಂಕು, ಎತ್ತರ, ತೂಕ, ಎದೆಯ ಸುತ್ತಳತೆ, ತೋಳಿನ ಅಳತೆ, ಆಡಿದ ಪಂದ್ಯ, ಗೆದ್ದ ಪಂದ್ಯ. ನೀನು ತೂಕ ಕೇಳಿದರೆ ನಾನು ತೂಕ ಹೇಳಬೇಕು. ಯಾರದು ಹೆಚ್ಚೋ ಕಾರ್ಡು ಅವರಿಗೆ. ತೋಟದ ನೆರಳಲ್ಲಿ ಕಾಯಿರಾಶಿಯ ಪಕ್ಕ ಕೂತು ಬೇಸಿಗೆ ರಜೆಯನ್ನೆಲ್ಲ ನಾವು ಹೀಗೆ ಕಳೆದಿದ್ದೇವೆ. ಆ ರ‍್ಯಾಂಕನ್ನು ಯಾರು ಕೊಟ್ಟರು, ಯಾವ ಲೆಕ್ಕದಲ್ಲಿ ಕೊಟ್ಟರು ಎಂದು ಕಾರ್ಡು ಹೇಳುತ್ತಿರಲಿಲ್ಲ. ಬೇರೆ ಅಂಗಡಿಯ ಪ್ಯಾಕು ತಂದರೆ ರ‍್ಯಾಂಕೇ ಬೇರೆ. ಆದರೂ ಕಾರ್ಡು ಕೈಯಲ್ಲಿರುವಷ್ಟು ಹೊತ್ತು ವಾದಕ್ಕೆ ಜಾಗವಿರಲಿಲ್ಲ. ಸಂಖ್ಯೆ ಹೇಳಿದರೆ ಮುಗಿಯಿತು. ಕಾರ್ಡು ಕೆಳಗಿಟ್ಟ ಮೇಲೆಯೇ ನಿಜವಾದ ಮಾತು ಶುರುವಾಗುತ್ತಿದ್ದದ್ದು: ಅಂಡರ್‌ಟೇಕರ್ ಏಳು ಸಲ ಸತ್ತು ಬದುಕಿದ್ದಾನಂತೆ, ಅವನು ಬರುವಾಗ ಲೈಟು ಹೋಗುವುದು ಯಾಕೆ, ಸೋತರೂ ಅವನನ್ನು ಕಂಡರೆ ಭಯ ಹೋಗುವುದಿಲ್ಲವಲ್ಲ ಯಾಕೆ. ಎದೆಯ ಸುತ್ತಳತೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ದೊಡ್ಡವರ ಪಟ್ಟಿಗಳೂ ಈ ಕಾರ್ಡಿಗಿಂತ ಬಹಳ ದೂರವಿಲ್ಲ. ಅಮೆರಿಕದ ಒಂದು ಕುಸ್ತಿ ಪತ್ರಿಕೆ 1991ರಿಂದ ವರ್ಷವರ್ಷವೂ ಐನೂರು ಪೈಲ್ವಾನರನ್ನು ಸಾಲಾಗಿ ನಿಲ್ಲಿಸುತ್ತದೆ. ಮೊದಲ ವರ್ಷದ ಮೊದಲ ಹೆಸರು ಹಲ್ಕ್ ಹೋಗನ್. ಸೋಲು–ಗೆಲುವಿನ ಲೆಕ್ಕವೂ ಅದರ ಮಾನದಂಡಗಳಲ್ಲೊಂದು. ಪ್ರಶಸ್ತಿಯ ಲೆಕ್ಕವೂ ಹಾಗೆಯೇ. ಕಂಪನಿಯ ಗಣತಿಯಲ್ಲಿ ರಿಕ್ ಫ್ಲೇರ್ 16 ಸಲ ವಿಶ್ವ ಚಾಂಪಿಯನ್. 2025ರ ಏಪ್ರಿಲ್‌ನಲ್ಲಿ ಜಾನ್ ಸೀನಾ 17ನೇ ಸಲ ಗೆದ್ದು ಅವನನ್ನು ದಾಟಿದ. ಆದರೆ ಈ ಹದಿನೇಳನ್ನು ಬರೆದವರು ಕಂಪನಿಯ ಕಥೆಗಾರರು. ಇದನ್ನು ಸೀನಾನ ತೋಳ್ಬಲಕ್ಕೆ ಪುರಾವೆ ಎನ್ನುವುದು, ಖಾಂಡವವನ ಸುಟ್ಟ ಶ್ರೇಯಸ್ಸನ್ನು ವ್ಯಾಸರಿಗೆ ಕೊಡದೆ ಅರ್ಜುನನಿಗೆ ಕೊಟ್ಟ ಹಾಗೆ. ಅಭಿಮಾನಿಗಳಿಗೆ ಇದು ಒಳಗೊಳಗೇ ತಿಳಿದಿದೆ. ರೆಸಲ್‌ಮೇನಿಯಾದಲ್ಲಿ 21 ಸಲ ಸೋಲದೆ ಉಳಿದಿದ್ದ ಅಂಡರ್‌ಟೇಕರ್ 2014ರಲ್ಲಿ ಬ್ರಾಕ್ ಲೆಸ್ನರ್ ಎದುರು ಸೋತಾಗ ನನ್ನ ಗೆಳೆಯರು ಬೈದದ್ದು ಲೆಸ್ನರನನ್ನಲ್ಲ, ‘ಹಿಂಗೆ ಬರೆದೋನ್ಯಾವನು’ ಎಂದು ಬರೆದವನನ್ನು. ಕಾವ್ಯದ ಔಚಿತ್ಯ ಕೆಟ್ಟಿತೆಂದು ಕವಿಯನ್ನು ತರಾಟೆಗೆ ತೆಗೆದುಕೊಳ್ಳುವ ಓದುಗರ ಸಿಟ್ಟು ಅದು.

ಫ್ರೆಂಚ್ ಚಿಂತಕ ರೋಲಾ ಬಾರ್ತ್ 1957ರ ತನ್ನ ‘ಮಿಥಾಲಜೀಸ್’ ಪುಸ್ತಕವನ್ನು ಇಂಥ ಕುಸ್ತಿಯ ಮೇಲಿನ ಪ್ರಬಂಧದಿಂದಲೇ ಆರಂಭಿಸಿದ. ಇದು ಕ್ರೀಡೆಯಲ್ಲ, ಪ್ರದರ್ಶನ. ನೋವು, ಸೋಲು, ನ್ಯಾಯ ಇವು ಎಲ್ಲರ ಕಣ್ಣಿಗೂ ಕಾಣುವ ಹಾಗೆ ಮೈಯ ಮೇಲೆ ಬರೆದುಕೊಳ್ಳುವ ಆಟ ಎಂಬುದು ಅವನ ವಾದದ ಸಾರ. ಪ್ಯಾರಿಸ್ಸಿನ ಆ ಮಾತು ನಮ್ಮ ಸೀಮೆಯವರಿಗೆ ಹೊಸದೇನಲ್ಲ. ನಾವು ‘ಕುರುಕ್ಷೇತ್ರ’ ನಾಟಕ ನೋಡಿ ಬೆಳೆದವರು.

ಗುಬ್ಬಿ ವೀರಣ್ಣನವರ ಕಂಪನಿ ತನ್ನ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆ ವೈಭವ ಹೋದ ಮೇಲೂ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಗಳಲ್ಲಿ ಜಾತ್ರೆಯ ಹೊತ್ತಿಗೆ ಊರವರೇ ಬಣ್ಣ ಹಚ್ಚುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದಪದ್ಯ ಕಲಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ಪಾತ್ರ ಮಾಡುವವರು ಕೈಯಿಂದ ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾರೆ. ನಾನು ಕಂಡ ನಾಟಕಗಳಲ್ಲೆಲ್ಲ ದುರ್ಯೋಧನನ ಪಾತ್ರದ ರೇಟು ಭೀಮನದಕ್ಕಿಂತ ಹೆಚ್ಚು. ಬೆಳಗಿನ ಜಾವ ತೊಡೆ ಮುರಿಸಿಕೊಂಡು ಬೀಳಲೆಂದೇ ಕೊಬ್ಬರಿ ಮಾರಿದ ದುಡ್ಡನ್ನು ತಂದು ಕಟ್ಟುವವರಿದ್ದಾರೆ. ನಾಟಕದ ಮರುದಿನ ಟೀ ಅಂಗಡಿಯಲ್ಲಿ ಯಾರು ಗೆದ್ದರು ಎಂದು ಯಾರೂ ಕೇಳುವುದಿಲ್ಲ. ‘ಹೋದ ವರ್ಷದ ದುರ್ಯೋಧನ ಹೆಚ್ಚೋ, ಈ ವರ್ಷದವನು ಹೆಚ್ಚೋ’ ಎಂಬ ವಾದ ಮಾತ್ರ ಮಧ್ಯಾಹ್ನದವರೆಗೂ ನಡೆಯುತ್ತದೆ. ಗೆದ್ದವನಿಗಿಂತ ಸೋತವನ ಬೆಲೆ ಹೆಚ್ಚು ಎಂಬ ಈ ತೀರ್ಮಾನಕ್ಕೆ ನಮ್ಮಲ್ಲಿ ಸಾವಿರ ವರ್ಷದ ಬೆಂಬಲವಿದೆ.

ಪಂಪ 941ರ ಸುಮಾರಿಗೆ ಮುಗಿಸಿದ ಭಾರತದಲ್ಲಿ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ, ಅವನಿಗೇ ಪಟ್ಟ ಕಟ್ಟಿದ. ಅದೇ ಶತಮಾನದ ಕೊನೆಯ ಹೊತ್ತಿಗೆ ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ. ಅವನ ‘ಗದಾಯುದ್ಧ’ದಲ್ಲಿ ಪಟ್ಟ ಭೀಮನಿಗೆ. ಕಥೆ ಒಂದೇ, ಮೊದಲ ರ‍್ಯಾಂಕು ಬೇರೆ ಬೇರೆ. ರ‍್ಯಾಂಕು ಯಾರ ಅರಮನೆಯಲ್ಲಿ ಅಚ್ಚಾಗುತ್ತದೆ ಎಂಬುದರ ಮೇಲೆ ಮೊದಲ ಹೆಸರು ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆದರೆ ರನ್ನ ದೊಡ್ಡ ಕವಿ. ದೊರೆಗೆ ಪಟ್ಟವನ್ನು ಕೊಟ್ಟು, ಕಾವ್ಯವನ್ನು ದುರ್ಯೋಧನನಿಗೆ ಕೊಟ್ಟ. ಹೆಣಗಳ ನಡುವೆ ನಡೆಯುತ್ತ ತಮ್ಮನಿಗೆ, ಮಗನಿಗೆ, ಕರ್ಣನಿಗೆ ಅಳುವ, ಶತ್ರುವಿನ ಮಗನಾದ ಅಭಿಮನ್ಯುವಿಗೂ ಕೈಮುಗಿಯುವ ಆ ದುರ್ಯೋಧನನ ಮುಂದೆ ಗೆದ್ದ ಭೀಮ ಮಸುಕಾಗುತ್ತಾನೆ. ಗೆಲುವಿನ ಆ ಏಟೂ ತೊಡೆಗೆ, ಅಂದರೆ ಗದಾಯುದ್ಧದ ನಿಯಮ ಮೀರಿ ಬಿದ್ದದ್ದು.

ಈ ಓದನ್ನು ಹೊಸಗನ್ನಡಕ್ಕೆ ಗಟ್ಟಿಯಾಗಿ ತಂದವರು ನಮ್ಮದೇ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ.ಶ್ರೀ. ರನ್ನನ ಕಾವ್ಯವನ್ನು ಅವರು ‘ಗದಾಯುದ್ಧ ನಾಟಕಂ’ ಮಾಡಿದಾಗ ಅದರ ನಡುವೆ ನಿಂತವನು ದುರಂತನಾಯಕ ದುರ್ಯೋಧನ. ಆಮೇಲೆ ಅವರು ಗ್ರೀಕ್ ನಾಟಕಕಾರ ಸಾಫೊಕ್ಲಿಸ್‌ನ ‘ಅಯಾಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ಒಗ್ಗಿಸಿದರು. ಆ ಮೂಲ ನಾಟಕದ ಹಿಂದಿರುವುದೂ ಒಂದು ರ‍್ಯಾಂಕಿಂಗ್ ಜಗಳವೇ. ಅಖಿಲೀಸ್ ಸತ್ತ ಮೇಲೆ ಉಳಿದವರಲ್ಲಿ ಶ್ರೇಷ್ಠ ಯಾರೋ ಅವನ ಕವಚ ಅವರಿಗೆ ಎಂದಾಯಿತು. ಕವಚ ಒಡಿಸ್ಯೂಸನ ಪಾಲಾಯಿತು. ಅಯಾಸ್ ಹುಚ್ಚನಾಗಿ, ಕೊನೆಗೆ ತನ್ನ ಕತ್ತಿಯ ಮೇಲೆ ಬಿದ್ದು ಸತ್ತ. ಕುತೂಹಲವೆಂದರೆ, ಇದಕ್ಕೆ ಮುಂಚೆ ಹೋಮರನ ‘ಇಲಿಯಡ್’ನಲ್ಲಿ ಇವರಿಬ್ಬರೂ ಕುಸ್ತಿಗೆ ನಿಂತಿದ್ದರು. ಪಟ್ಟಿನ ಮೇಲೆ ಪಟ್ಟು ಬಿದ್ದರೂ ತೀರ್ಮಾನವಾಗದಾಗ ಅಖಿಲೀಸನೇ ಎದ್ದು ತಡೆದು, ಇಬ್ಬರೂ ಗೆದ್ದಿರಿ, ಬಹುಮಾನವನ್ನು ಸಮನಾಗಿ ಹಂಚಿಕೊಳ್ಳಿ ಎನ್ನುತ್ತಾನೆ. ಎದುರುಬದುರು ನಿಂತಾಗ ಇಬ್ಬರೂ ದೊಡ್ಡವರು. ಮೇಲೆ ಕೆಳಗೆ ನಿಲ್ಲಿಸಿದಾಗ ಒಬ್ಬ ಸತ್ತ.

ನಮ್ಮ ಗರಡಿಮನೆಗಳಿಗೆ ಈ ವಿವೇಕ ಇದೆ. ಮೈಸೂರು ದಸರಾ ಕುಸ್ತಿಗೆ ಮುಂಚೆ ‘ಜೋಡಿ ಕಟ್ಟುವ’ ಕೆಲಸ ನಡೆಯುತ್ತದೆ. ಬಂದ ಪೈಲ್ವಾನರ ವಯಸ್ಸು, ಮೈಕಟ್ಟು, ಅನುಭವ ನೋಡಿ ಯಾರಿಗೆ ಯಾರು ಸರಿ ಎಂದು ಹಿರಿಯರು ಗೊತ್ತುಮಾಡುತ್ತಾರೆ. ಈ ನೋಟದ ಮೂಲ ಪ್ರಶ್ನೆ ‘ಇವನು ಎಷ್ಟನೆಯವನು?’ ಎಂಬುದಲ್ಲ, ‘ಇವನ ಕಸುವು ಯಾರೆದುರು ನಿಂತರೆ ಹೊರಬರುತ್ತದೆ?’ ಎಂಬುದು. ಜೋಡಿ ಸರಿಯಿಲ್ಲದಿದ್ದರೆ ಎಂಥ ಪೈಲ್ವಾನನ ಆಟವೂ ಸಪ್ಪೆ.

ಬರೆದಿಟ್ಟ ಕುಸ್ತಿಗೆ ಈ ಅಳತೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. 1987ರ ಮಾರ್ಚ್‌ನಲ್ಲಿ ಹೋಗನ್ ದೈತ್ಯ ಆಂದ್ರೆಯನ್ನು ಎತ್ತಿ ನೆಲಕ್ಕೆ ಹಾಕಿದ ಗಳಿಗೆ ಎಲ್ಲ ಪಟ್ಟಿಗಳಲ್ಲೂ ಹೋಗನ್‌ನ ಖಾತೆಗೆ ಜಮೆಯಾಗಿದೆ. ಆದರೆ ಹಿಂದಿನ ವರ್ಷವಷ್ಟೇ ಬೆನ್ನಿನ ಶಸ್ತ್ರಚಿಕಿತ್ಸೆ ಆಗಿದ್ದ, ಮೈ ನೋವಿನಲ್ಲೇ ಬದುಕುತ್ತಿದ್ದ ಆಂದ್ರೆ ಒಪ್ಪದಿದ್ದರೆ ಆ ಮೈಯನ್ನು ಎತ್ತಲು ಯಾರಿಂದಲೂ ಆಗುತ್ತಿರಲಿಲ್ಲ. ಆ ಗೆಲುವನ್ನು ತನ್ನ ಮೈಯಿಂದ ಕಟ್ಟಿಕೊಟ್ಟವನು ಸೋತವನು. ಹತ್ತು ವರ್ಷದ ಮೇಲೆ, 1997ರಲ್ಲಿ, ಬ್ರೆಟ್ ಹಾರ್ಟ್‌ನ ಹಿಡಿತದಲ್ಲಿ ಮುಖವೆಲ್ಲ ರಕ್ತವಾಗಿ, ಸೋತೆ ಎನ್ನದೆ ಪ್ರಜ್ಞೆ ತಪ್ಪಿದ ಸ್ಟೀವ್ ಆಸ್ಟಿನ್ ಸೋತೇ ನಾಯಕನಾದ. ಗೆದ್ದ ಹಾರ್ಟ್ ಜನರ ಕಣ್ಣಲ್ಲಿ ಖಳನಾದ. ಇವರಲ್ಲಿ ಯಾರು ಮೇಲು ಎಂದು ಸಂಖ್ಯೆ ಕೊಡಬಹುದು. ಕೊಟ್ಟರೆ ಆ ರಾತ್ರಿ ನಡೆದದ್ದೇನು ಎಂಬುದು ಕೈಬಿಟ್ಟುಹೋಗುತ್ತದೆ. ‘ಆದರೆ’ ಎಂಬ ಮಾತಿಗೆ ಪಟ್ಟಿಯಲ್ಲಿ ಜಾಗವಿಲ್ಲ. ವಿಮರ್ಶೆ ಬದುಕಿರುವುದೇ ಆ ಮಾತಿನಿಂದ.

ಜೋಡಿ ಕಟ್ಟುವ ಅಧಿಕಾರವೂ ಯಾರದೋ ಕೈಯಲ್ಲಿರುತ್ತದೆ ಎಂದು ನೀವು ಕೇಳಬಹುದು. ನಿಜ. ರೆಸಲ್‌ಮೇನಿಯಾದ ಕೊನೆಯ ಪಂದ್ಯಕ್ಕೆ ಹೆಣ್ಣುಮಕ್ಕಳನ್ನು ಇಳಿಸಲು ಆ ಕಂಪನಿಗೆ 2019ರವರೆಗೆ, 35ನೇ ರೆಸಲ್‌ಮೇನಿಯಾದವರೆಗೆ ಬೇಕಾಯಿತು. ಆದರೆ ಜೋಡಿಯ ಲೆಕ್ಕ ಒಂದು ಒಳ್ಳೆಯ ಒತ್ತಾಯ ತರುತ್ತದೆ: ಎರಡನೆಯ ಹೆಸರನ್ನು ಹೇಳದೆ ಮೊದಲನೆಯ ಹೆಸರನ್ನು ಹೇಳುವ ಹಾಗಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇದು ಆಟದ ಮಾತಲ್ಲ. ಕುವೆಂಪು ದೊಡ್ಡವರೋ ಬೇಂದ್ರೆ ದೊಡ್ಡವರೋ ಎಂಬ ವಾದ ಹಾಸ್ಟೆಲಿನಲ್ಲಿ ಇಂದಿಗೂ ಟ್ರಂಪ್ ಕಾರ್ಡಿನ ಧಾಟಿಯಲ್ಲೇ ನಡೆಯುತ್ತದೆ. ಪ್ರಶಸ್ತಿ ಎಷ್ಟು, ಪುಟ ಎಷ್ಟು, ಯಾವ ವರ್ಷ. ಸ್ಪರ್ಧಾತ್ಮಕ ಪರೀಕ್ಷೆಗಳೂ ನಮ್ಮನ್ನು ಹಾಗೆಯೇ ತಯಾರು ಮಾಡುತ್ತವೆ. ಕುವೆಂಪು ಅವರ ಕಾಡನ್ನು ಬೇಂದ್ರೆಯವರ ಓಣಿಯ ಎದುರು ನಿಲ್ಲಿಸಿ, ಒಬ್ಬರ ಭಾಷೆ ಇನ್ನೊಬ್ಬರಲ್ಲಿ ಇಲ್ಲದ ಯಾವುದನ್ನು ಕಾಣಿಸುತ್ತದೆ ಎಂದು ಕೇಳುವುದು ಕಷ್ಟದ ಕೆಲಸ. ಅದಕ್ಕೆ ಇಬ್ಬರನ್ನೂ ಓದಬೇಕು. ಪಟ್ಟಿಗೆ ಒಬ್ಬರನ್ನೂ ಓದಬೇಕಿಲ್ಲ.

ನಮ್ಮ ಟೀ ಅಂಗಡಿಯ ವಿಮರ್ಶೆಯಲ್ಲೂ ಒಂದು ಬಾಕಿ ಇದೆ. ‘ಕುರುಕ್ಷೇತ್ರ’ದ ಗಂಡು ಪಾತ್ರದವರು ದುಡ್ಡು ಕೊಟ್ಟು ಆಡಿದರೆ, ದ್ರೌಪದಿ ಮಾಡುವ ಕಲಾವಿದೆ ದುಡ್ಡಿಗಾಗಿ ಹೊರಗಿನಿಂದ ಬರುತ್ತಾಳೆ. ಇವತ್ತು ಒಂದೂರು, ನಾಳೆ ಇನ್ನೊಂದೂರು. ಪ್ರತಿ ರಾತ್ರಿ ಹೊಸ ದುರ್ಯೋಧನ, ಹೊಸ ಭೀಮ. ವರ್ಷಕ್ಕೊಮ್ಮೆ ರಂಗ ಹತ್ತುವ ಅವನು ಮಾತು ಮರೆತರೆ ಎತ್ತಿಕೊಡುವವಳು ಅವಳು. ಶ್ರುತಿ ತಪ್ಪಿದರೆ ತನ್ನ ಹಾಡಿನಿಂದ ದಾರಿಗೆ ತರುವವಳೂ ಅವಳೇ. ಅವಳ ಸಿಟ್ಟು ನಿಜವಾಗದಿದ್ದರೆ ಅವನ ಅಟ್ಟಹಾಸ ಪೊಳ್ಳು. ಮಾರನೆಯ ದಿನ ಈ ವರ್ಷದ ದುರ್ಯೋಧನನನ್ನು ಹೋದ ವರ್ಷದವನ ಪಕ್ಕದಲ್ಲಿಟ್ಟು ತೂಗುವಾಗ, ಎರಡು ವರ್ಷವೂ ಅವನ ಎದುರು ನಿಂತವಳು ಯಾರು ಎಂದು ಕೇಳುವವರಿಲ್ಲ. ನಾಟಕದ ಕರಪತ್ರದಲ್ಲಿ ಅವಳ ಹೆಸರು ಕೆಳಗಡೆ, ಸ್ತ್ರೀ ಪಾತ್ರವರ್ಗ ಎಂಬಲ್ಲಿ, ಸಣ್ಣ ಅಕ್ಷರದಲ್ಲಿರುತ್ತದೆ. ಒಳ್ಳೆಯ ದುರ್ಯೋಧನರ ಮಾತು ಬಂದಾಗ ಆ ಸಾಲನ್ನೂ ಒಮ್ಮೆ ಓದಬೇಕು.